ಊಟದ ತೊಂದ್ರೆಗೆ ಎಲ್ಲಿ ತೋರಿಸೋದು? ಆಟಿಸ್ಟಿಕ್ ಆಗಿರೋರಿಗೆ, ಅವರ ಮನೆಯೋರಿಗೆ

ಹೋದ ತಿಂಗಳು ಒಂದೇ ವಾರದಲ್ಲಿ ಮೂರು ಜನ ಮೆಸೇಜ್ ಮಾಡಿ ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಕೇಳಿದ್ರು. ಒಬ್ಬರು ಆರು ವರ್ಷದ ಮಗ ಇರೋ ತಾಯಿ, ಮಗ ಹಾಲು, ಬಿಳಿ ಅನ್ನ, ಒಂದೇ ಕಂಪನಿ ಬಿಸ್ಕೆಟ್ ಬಿಟ್ಟು ಬೇರೆ ಏನೂ ಮುಟ್ಟಲ್ಲ, ಒಬ್ಬ ಡಾಕ್ಟ್ರು ಹಸಿವಿನ ಸಿರಪ್ ಬರೆದ್ರು, ಇನ್ನೊಬ್ರು ಓಟಿಗೆ (ಆಕ್ಯುಪೇಷನಲ್ ಥೆರಪಿಗೆ) ಕಳ್ಸಿ ಅಂದ್ರು, ಮೂರನೆಯೋರು ಹಾಲೂ ಗೋಧಿನೂ ನಿಲ್ಸಿಬಿಡಿ ಅಂದ್ರು, ಯಾರ ಮಾತು ಕೇಳ್ಲಿ ಅಂತ. ಇನ್ನೊಬ್ಬ ಪಿಜಿಲಿರೋ ಇಂಜಿನಿಯರಿಂಗ್ ಹುಡುಗ, ಮೆಸ್ಸಿನ ವಾಸನೆಗೆ ಒಳಗೆ ಕಾಲಿಡಕ್ಕಾಗಲ್ಲ, ದಿನಕ್ಕೆ ಒಂದು ಹೊತ್ತು ಬ್ರೆಡ್ಡಲ್ಲಿ ಮುಗೀತಿದೆ. ಮೂರನೆಯೋಳು ನನ್ನ ವಯಸ್ಸಿನೋಳೇ, ಅವಳಿಗೆ ಅನೊರೆಕ್ಸಿಯಾ, ಅಂದ್ರೆ ದಪ್ಪ ಆಗೋ ಭಯಕ್ಕೆ ಊಟ ಬಿಡೋ ಕಾಯಿಲೆ ಅಂತ ಟ್ರೀಟ್‌ಮೆಂಟ್ ಕೊಡ್ತಿದಾರೆ, "ದಪ್ಪ ಆಗ್ತೀನಿ ಅನ್ನೋ ಭಯ ನನಗಿಲ್ಲ ಅಂದ್ರೆ ಯಾರೂ ನಂಬಲ್ಲ ಕಣೇ" ಅಂದ್ಲು.

ಮೂವರಿಗೂ ಬೇರೆ ಬೇರೆ ಉತ್ತರ ಬರೆಯೋ ಬದ್ಲು ಒಂದೇ ಸಲ ಬರೀತಿದೀನಿ. ನಾನು ಡಾಕ್ಟರ್ ಅಲ್ಲ. ನಾನೂ ಆಟಿಸ್ಟಿಕ್, ಅದು ಗೊತ್ತಾಗಿದ್ದು 31ನೇ ವಯಸ್ಸಿಗೆ, ಅಲ್ಲಿವರೆಗೂ "ಊಟದ ವಿಷ್ಯದಲ್ಲಿ ಹಠಮಾರಿ" ಅನ್ನೋದೇ ನನ್ನ ಡಯಾಗ್ನೋಸಿಸ್ಸು. ಊಟ ಬಲ್ಲವನಿಗೆ ರೋಗವಿಲ್ಲ ಮಾತು ಬಲ್ಲವನಿಗೆ ಜಗಳವಿಲ್ಲ ಅಂತ ನಮ್ಮಜ್ಜಿ ದಿನಾ ಹೇಳೋರು, ಎರಡೂ ಬಾರದ ನನ್ನ ಮುಖ ನೋಡ್ಕೊಂಡು. ಮದುವೆ ಮನೇಲಿ ಎಲೆ ಮುಂದೆ ಕೂತ್ರೆ ಕೋಸಂಬರಿಯಿಂದ ನೀರು ಬಿಟ್ಕೊಂಡು ನಿಧಾನಕ್ಕೆ ಹರ್ದು ಬಂದು ಅನ್ನದ ಅಂಚು ಮುಟ್ಟೋದನ್ನ ಉಸಿರು ಬಿಗಿ ಹಿಡ್ಕೊಂಡು ನೋಡ್ತಾ ಇರ್ತಿದ್ದೆ, ಮುಟ್ಟಿತೋ ಮುಗೀತು, ಆ ಅನ್ನ ನನ್ನ ಪಾಲಿಗೆ ಅನ್ನ ಅಲ್ಲ. ಎದ್ದು ಹೋದ್ರೆ ಸೊಕ್ಕು. ಕೂತ್ರೆ ವಾಂತಿ.

ಇದಕ್ಕೊಂದು ಹೆಸರಿದೆ, ಆರ್ಫಿಡ್ (ARFID) ಅಂತಾರೆ. ಊಟ ತಪ್ಪಿಸೋದು ಅಥವಾ ಕೆಲವೇ ಕೆಲವಕ್ಕೆ ಸೀಮಿತ ಮಾಡ್ಕೊಳ್ಳೋದು, ಅದರಿಂದ ತೂಕಕ್ಕೋ ಪೋಷಣೆಗೋ ದಿನನಿತ್ಯದ ಬದುಕಿಗೋ ಪೆಟ್ಟು ಬೀಳೋದು, ಆದ್ರೆ ಮೈ ಸಣ್ಣ ಮಾಡ್ಕೋಬೇಕು ಅನ್ನೋ ಉದ್ದೇಶ ಇರಲ್ಲ. 2013ರಲ್ಲಿ ಅಮೆರಿಕದ ಮಾನಸಿಕ ಕಾಯಿಲೆಗಳ ಡಿಎಸ್‌ಎಂ-5 ಪಟ್ಟಿಗೆ ಸೇರಿದ್ದು, ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11ರಲ್ಲೂ ಬಂತು. ಅಂದ್ರೆ ಅದಕ್ಕಿಂತ ಮುಂಚೆ ಓದಿ ಮುಗ್ಸಿದ ಎಷ್ಟೋ ಡಾಕ್ಟ್ರುಗಳು ಕಾಲೇಜಲ್ಲಿ ಈ ಹೆಸರೇ ಕೇಳಿರಲ್ಲ, ಅದು ಅವರ ತಪ್ಪಲ್ಲ, ಆದ್ರೆ ಹೋಗೋ ಮುಂಚೆ ನಮಗೆ ಗೊತ್ತಿರಬೇಕು. ಆಟಿಸ್ಟಿಕ್ ಆಗಿರೋ ಎಲ್ಲರಿಗೂ ಆರ್ಫಿಡ್ ಇರಲ್ಲ, ಆರ್ಫಿಡ್ ಇರೋರೆಲ್ಲ ಆಟಿಸ್ಟಿಕ್ಕೂ ಅಲ್ಲ, ಆದ್ರೆ ಎರಡೂ ಜೊತೆಗಿರೋದು ತುಂಬ ಸಾಮಾನ್ಯ.

ಯಾವುದನ್ನ ನೋಡಿ ಆರಿಸೋದು

"ಯಾವ ಆಸ್ಪತ್ರೆ ಬೆಸ್ಟು" ಅಂತ ಶುರು ಮಾಡಿದ್ರೆ ನಾನು ಮಾಡಿದ ತಪ್ಪೇ ನೀವೂ ಮಾಡ್ತೀರ, ಎರಡು ವರ್ಷ, ಒಂದಷ್ಟು ದುಡ್ಡು ಹಾಳು. ಮೊದಲು ನೋಡ್ಬೇಕಾದ್ದು ದೇಹ ಎಷ್ಟು ಅಪಾಯದಲ್ಲಿದೆ ಅಂತ. ಎದ್ದು ನಿಂತ್ರೆ ಕಣ್ಣು ಕತ್ತಲೆ ಬಂದು ಬೀಳೋದು, ಕೆಲವೇ ವಾರದಲ್ಲಿ ತೂಕ ಸರ್ರನೆ ಇಳಿಯೋದು, ನೀರೂ ಕುಡೀದೆ ಮೂತ್ರ ಕಮ್ಮಿ ಆಗೋದು, ಎದೆ ಬಡಿತ ಏರುಪೇರಾಗೋದು, ಮಗು ಕಾಲು ನೋವು ಅಂತ ನಡಿಯೋದೇ ನಿಲ್ಲಿಸೋದು, ಒಸಡಲ್ಲಿ ರಕ್ತ ಬರೋದು, ಸಂಜೆಗತ್ತಲಲ್ಲಿ ಕಣ್ಣು ಕಾಣದೆ ತಡವರಿಸೋದು, ಇದ್ರಲ್ಲಿ ಒಂದಿದ್ರೂ ಈ ಬರಹ ಇಲ್ಲಿಗೇ ನಿಲ್ಸಿ ಹತ್ತಿರದ ಆಸ್ಪತ್ರೆಗೆ ಹೋಗಿ, ಥೆರಪಿ ಆಮೇಲೆ. ಕಾಲು ನೋವಿನ ಮಾತು ಸುಮ್ನೆ ಹೇಳ್ತಿಲ್ಲ. ಹಣ್ಣು ತರಕಾರಿ ಒಂದೂ ಮುಟ್ಟದೆ ಬರೀ ಅನ್ನ, ಬಿಸ್ಕೆಟ್ಟಲ್ಲೇ ಇರೋ ಆಟಿಸ್ಟಿಕ್ ಮಕ್ಕಳಲ್ಲಿ ಸ್ಕರ್ವಿ, ಅದೇ ಹಳೇ ಕಾಲದ ಹಡಗಿನೋರ ಕಾಯಿಲೆ, ಈಗ್ಲೂ ಬರುತ್ತೆ, ಕೀಲು ನೋವು ಅಂತ ಆರ್ಥ್ರೈಟಿಸ್ಸಿಗೋ ಇನ್ಯಾವುದಕ್ಕೋ ತಿಂಗಳುಗಟ್ಟಲೆ ಟೆಸ್ಟ್ ಮಾಡಿಸಿ ಕೊನೇಗೆ ವಿಟಮಿನ್ ಸಿ ಅಂತ ಗೊತ್ತಾದ ಕೇಸುಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬೇಕಾದಷ್ಟಿವೆ. ದಿನಕ್ಕೆ ಬರೀ 10 ಮಿಲಿಗ್ರಾಂ ಸಿಕ್ಕಿದ್ರೂ ಅದು ಬರಲ್ಲ.

ಇನ್ನೊಂದು, ತುಂಬ ದಿನ ಸರಿಯಾಗಿ ತಿನ್ನದೇ ಇದ್ದೋರಿಗೆ ಮನೇಲಿ ಒಂದೇ ಸಲ ಹೊಟ್ಟೆ ತುಂಬ ತುರುಕಬೇಡಿ. ರಕ್ತದಲ್ಲಿ ಫಾಸ್ಫರಸ್, ಪೊಟ್ಯಾಸಿಯಂ ದಿಢೀರ್ ಕುಸಿದು ಹೃದಯಕ್ಕೇ ಅಪಾಯ ಆಗಬಹುದು, ರೀಫೀಡಿಂಗ್ ಅಂತಾರೆ, ಆಸ್ಪತ್ರೇಲಿ ರಕ್ತ ಪರೀಕ್ಷೆ ನೋಡ್ಕೊಂಡು ಸ್ವಲ್ಪ ಸ್ವಲ್ಪವಾಗಿ ಏರಿಸ್ತಾರೆ.

ಎರಡನೇದು ಕಾರಣ. ಇದೇ ಮುಖ್ಯ, ಮಿಕ್ಕಿದ್ದೆಲ್ಲ ಇದರ ಮೇಲೇ ನಿಲ್ಲೋದು. ಬೆಂಡೆಕಾಯಿ ಲೋಳೆ, ಒಗ್ಗರಣೆ ಸಾಸಿವೆ ಹಲ್ಲಿಗೆ ಸಿಗೋದು, ಬೆಂದ ಎಲೆಕೋಸಿನ ವಾಸನೆ, ಇಂಥದ್ರಿಂದ ತಿನ್ನಕ್ಕಾಗ್ತಿಲ್ವಾ? ಒಂದ್ಸಲ ಗಂಟಲಿಗೆ ಸಿಕ್ಕಿ ಅಥವಾ ಜೋರು ವಾಂತಿ ಆಗಿ ಆಮೇಲೆ ಭಯ ಹತ್ತಿದ್ಯಾ? ಹಸಿವು ಅನ್ನೋ ಸಿಗ್ನಲ್ಲೇ ಬರಲ್ವಾ, ಕೈ ನಡುಗಿದ ಮೇಲೇ ಓ ಮಧ್ಯಾಹ್ನ ತಿಂದಿಲ್ಲ ಅಂತ ಗೊತ್ತಾಗುತ್ತಾ? ಅಗಿಯೋದು ನುಂಗೋದೇ ಕಷ್ಟಾನಾ? ಮಲಬದ್ಧತೆ, ಹುಳುಕು ಹಲ್ಲು, ಅಸಿಡಿಟಿ ಹಿಂದೆ ಕೂತು ಆಟ ಆಡಿಸ್ತಿದ್ಯಾ? ಅಥವಾ ನಿಜವಾಗ್ಲೂ ತೂಕ, ಕ್ಯಾಲೊರಿ ಲೆಕ್ಕ, ತಾನೇ ಹಾಕ್ಕೊಂಡ ನಿಯಮಗಳಾ? ಒಬ್ಬರಲ್ಲೇ ಎರಡು ಮೂರು ಸೇರ್ಕೊಂಡಿರೋದೂ ಉಂಟು, ನನಗೆ ಮೊದಲನೇದು ಮೂರನೇದು ಎರಡೂ ಇದೆ.

ಮೂರನೇದು, ಆ ಜಾಗದೋರು ನಿಮ್ಮ ಸೇಫ್ ಫುಡ್‌ಗೆ ಏನು ಮಾಡ್ತಾರೆ. ಸೇಫ್ ಫುಡ್ ಅಂದ್ರೆ ಎಂಥ ಕೆಟ್ಟ ದಿನದಲ್ಲೂ ಹೊಟ್ಟೆಗಿಳಿಯೋ ಆ ನಾಲ್ಕೈದು ಐಟಂ. ಅದನ್ನ ಕಿತ್ಕೊಂಡ್ರೆ ಬೇರೇದು ತಿಂತಾರೆ ಅನ್ನೋ ಲೆಕ್ಕಾಚಾರ ನಮ್ಮಂಥವರ ಹತ್ರ ನಡಿಯಲ್ಲ, ಅದೂ ಹೋಗುತ್ತೆ ಅಷ್ಟೇ. "ಹಸಿವಾದ್ರೆ ತಾನೇ ತಿಂತಾಳೆ ಬಿಡಿ" ಅಂದ ಡಾಕ್ಟರ ಮಾತು ಕೇಳಿ ನಮ್ಮಮ್ಮ ಎರಡು ದಿನ ಇಡ್ಲಿ ಮಾಡಲಿಲ್ಲ, ನಾನು ಎರಡು ದಿನ ತಿನ್ನಲಿಲ್ಲ, ಮೂರನೇ ದಿನ ಇಬ್ರೂ ಅತ್ವಿ.

ಆಮೇಲೆ ಭಾಷೆ, ದೂರ, ದುಡ್ಡು, ಎಷ್ಟು ದಿನ ಕಾಯ್ಬೇಕು, ಆ ಜಾಗದ ಗಲಾಟೆ ನಿಮಗೆ ತಡ್ಕೊಳ್ಳಕ್ಕಾಗುತ್ತಾ. ಇವು ಸಣ್ಣ ವಿಷಯ ಅನ್ಸಬಹುದು, ಆದ್ರೆ ಪ್ರತಿ ವಾರ ಎರಡು ಬಸ್ಸು ಬದಲಾಯಿಸಿ ಟ್ಯೂಬ್‌ಲೈಟ್ ಮಿಣಮಿಣ ಅನ್ನೋ ರೂಮಲ್ಲಿ ಒಂದು ಗಂಟೆ ಕಾದು ಒಳಗೆ ಹೋಗೋಷ್ಟರಲ್ಲಿ ಬಾಯಿಂದ ಮಾತೇ ಹೊರಡಲ್ಲ ಅಂದ್ರೆ ಆ ಥೆರಪಿಸ್ಟ್ ಎಷ್ಟು ಒಳ್ಳೆಯೋರಾಗಿದ್ರೇನು.

ಹತ್ತಿರದ ಡಾಕ್ಟ್ರು

ಯಾವ ದಾರಿ ಹಿಡಿದ್ರೂ ಮೊದಲ ಮೆಟ್ಟಿಲು ಇದೇ ಆಗಿರ್ಲಿ, ಮಕ್ಕಳಿಗೆ ಪೀಡಿಯಾಟ್ರಿಷಿಯನ್, ದೊಡ್ಡೋರಿಗೆ ಫಿಸಿಷಿಯನ್. ಇವರಿಂದ ಬೇಕಾದ್ದು ಊಟದ ಉಪದೇಶ ಅಲ್ಲ, ತೂಕ, ಬಿಪಿ, ರಕ್ತ ಪರೀಕ್ಷೆ, ಮಲಬದ್ಧತೆ ಇದ್ಯಾ, ಹಲ್ಲು ಹೇಗಿದೆ, ಇನ್ನೇನಾದ್ರೂ ಮಾತ್ರೆ ಹಸಿವು ಕೊಲ್ತಿದ್ಯಾ ಅಂತ ನೋಡೋದು. ಗಮನ ನಿಲ್ಲದ ತೊಂದರೆ ಎಡಿಎಚ್‌ಡಿಗೆ ಕೊಡೋ ಮೀಥೈಲ್‌ಫೆನಿಡೇಟ್ ಹಸಿವು ತಗ್ಗಿಸುತ್ತೆ, ಅದು ಎಷ್ಟೋ ಮನೇಲಿ ಗಮನಕ್ಕೇ ಬಂದಿರಲ್ಲ. ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಬಿ12, ವಿಟಮಿನ್ ಡಿ ನೋಡಿ ಅಂತ ನೀವೇ ಕೇಳಿ. ನನ್ನ ಫೆರಿಟಿನ್ ಬರೀ 6 ಇತ್ತು, ಮೆಟ್ಟಿಲು ಹತ್ತಿದ್ರೆ ಏದುಸಿರು ಬರ್ತಿದ್ದಿದ್ದನ್ನ ನಾನು ಸೋಮಾರಿತನ ಅಂದ್ಕೊಂಡಿದ್ದೆ. ಕಬ್ಬಿಣದ ಮಾತ್ರೆ ಶುರುವಾದ್ಮೇಲೆ ಊಟ ಹಾಗೇ ಇದ್ರೂ ತಲೆ ಕೆಲಸ ಮಾಡಕ್ಕೆ ಶುರುವಾಯ್ತು, ಥೆರಪಿಗೆ ಹೋಗೋ ತ್ರಾಣ ಬಂದಿದ್ದೇ ಅಲ್ಲಿಂದ.

ಇವರ ಹತ್ರ ಸಿಗೋ ಇನ್ನೊಂದು ವಸ್ತು ಆ ಹಸಿವಿನ ಸಿರಪ್, ಸಾಮಾನ್ಯವಾಗಿ ಸೈಪ್ರೋಹೆಪ್ಟಡೀನ್, ಮೂಲತಃ ಅಲರ್ಜಿಗೆ ಇರೋ ಔಷಧಿ, ಹಸಿವು ಹೆಚ್ಚಿಸುತ್ತೆ, ತೂಕಡಿಕೆನೂ ತರುತ್ತೆ. ಹಸಿವೇ ಆಗಲ್ಲ ಅನ್ನೋರಿಗೆ ಡಾಕ್ಟರ್ ನಿಗಾದಲ್ಲಿ ಸ್ವಲ್ಪ ಸಹಾಯ ಆಗಬಹುದು. ಆದ್ರೆ ತೊಂದರೆ ಇರೋದು ವಾಸನೆ, ಮುಟ್ಟಿದ ಅನುಭವದಲ್ಲಿ ಆದ್ರೆ ಮಗು ಹಸ್ಕೊಂಡೂ ತಿನ್ನಕ್ಕಾಗದೆ ಇನ್ನೂ ಜಾಸ್ತಿ ಒದ್ದಾಡುತ್ತೆ, ಬ್ರೇಕೂ ಆಕ್ಸಿಲರೇಟರೂ ಒಟ್ಟಿಗೇ ತುಳಿದ ಹಾಗೆ.

ಓಟಿ, ಸ್ಪೀಚ್ ಥೆರಪಿ, ಫೀಡಿಂಗ್ ಥೆರಪಿ

ಕಾರಣ ಸೆನ್ಸರಿ, ಅಂದ್ರೆ ವಾಸನೆ, ಶಬ್ದ, ಮುಟ್ಟಿದ ಅನುಭವದ್ದು ಆಗಿದ್ರೆ ಆಕ್ಯುಪೇಷನಲ್ ಥೆರಪಿ, ಅಗಿಯೋದು ನುಂಗೋದು ಆಗಿದ್ರೆ ಸ್ಪೀಚ್ ಥೆರಪಿಸ್ಟ್. ಹೆಸರು ನೋಡಿ ಮಾತಾಡೋದು ಕಲಿಸೋರು ಅಂತ ಮಾತ್ರ ಅಂದ್ಕೋಬೇಡಿ, ನುಂಗುವಿಕೆನೂ ಅವರದ್ದೇ ವಿಷಯ. ಇದಕ್ಕೆ ನಮ್ಮಲ್ಲೇ ದೊಡ್ಡ ಜಾಗ ಇದೆ, ಮೈಸೂರಿನ ಮಾನಸಗಂಗೋತ್ರಿಯಲ್ಲಿರೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, 1965ರಲ್ಲಿ ಶುರುವಾಗಿದ್ದು, ಕೇಂದ್ರ ಸರ್ಕಾರದ್ದು, ಖರ್ಚು ಪ್ರೈವೇಟಿಗಿಂತ ಎಷ್ಟೋ ಕಮ್ಮಿ, ಕನ್ನಡದಲ್ಲೇ ಮಾತಾಡಬಹುದು, ದೊಡ್ಡೋರನ್ನೂ ನೋಡ್ತಾರೆ. ಮೈಸೂರು, ಮಂಡ್ಯ, ಹಾಸನ, ಚಾಮರಾಜನಗರ ಕಡೆಯೋರಿಗೆ ನುಂಗೋ ತೊಂದರೆ ಇದ್ರೆ ಬೆಂಗಳೂರಿಗೆ ಓಡೋ ಮುಂಚೆ ಇಲ್ಲಿ ತೋರಿಸೋದು ವಾಸಿ ಅಂತ ನನ್ನ ಅಭಿಪ್ರಾಯ.

18ರ ಒಳಗಿನ ಮಕ್ಕಳಿಗೆ ಇನ್ನೊಂದು ದಾರಿ, 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. ಅದರಡಿ ಜಿಲ್ಲಾ ಆಸ್ಪತ್ರೇಲಿ ಮಕ್ಕಳ ಬೆಳವಣಿಗೆಯ ತೊಂದರೆ ಬೇಗ ಪತ್ತೆ ಮಾಡಿ ನೋಡೋ ಡಿಇಐಸಿ ಅನ್ನೋ ಕೇಂದ್ರ ಇರುತ್ತೆ, ಅಂಗನವಾಡಿ ಅಥವಾ ಸರ್ಕಾರಿ ಶಾಲೆಗೆ ತಪಾಸಣೆಗೆ ಬರೋ ತಂಡದ ಮೂಲಕನೂ ಹೋಗಬಹುದು ನೇರವಾಗೂ ಹೋಗಿ ಕೇಳಬಹುದು, ಉಚಿತ. ಆದ್ರೆ ಯಾವ ಜಿಲ್ಲೇಲಿ ಯಾವ ಥೆರಪಿಸ್ಟ್ ಇದಾರೆ ಅನ್ನೋದು ಬೇರೆ ಬೇರೆ, ಹೋಗೋ ಮುಂಚೆ ಫೋನ್ ಮಾಡಿ "ಊಟದ ತೊಂದ್ರೆ ನೋಡೋರು ಇದಾರಾ" ಅಂತ ಕೇಳ್ಕೊಳ್ಳಿ.

ಪ್ರೈವೇಟ್ ಓಟಿ ಸೆಂಟರುಗಳು ಈಗ ಗಲ್ಲಿಗೊಂದಿವೆ, ಗುಣಮಟ್ಟ ಮಾತ್ರ ಆಕಾಶ ಪಾತಾಳ. ನಾನು ಮೊದಲು ಹೋದ ಕಡೆ ಮಕ್ಕಳ ಕುರ್ಚಿ ಮೇಲೆ ಮೊಣಕಾಲು ಗಲ್ಲಕ್ಕೆ ತಾಗೋ ಹಾಗೆ ಕೂರಿಸಿ ಸ್ಟಿಕ್ಕರ್ ಚಾರ್ಟ್ ತೋರಿಸಿದ್ರು, ಒಂದು ತುತ್ತಿಗೆ ಒಂದು ನಕ್ಷತ್ರ. ನನಗಾಗ 32. ಎರಡನೇ ಕಡೆ ಸಿಕ್ಕಿದೋರು ಮಾತ್ರ ಬೇರೆ ಥರ, ಮೊದಲನೇ ದಿನ ಊಟದ ಮಾತೇ ಎತ್ತಲಿಲ್ಲ, "ನೀವು ತಿನ್ನೋ ಇಡ್ಲಿ ಯಾವುದು, ಹೇಗಿರ್ಬೇಕು" ಅಂತ ಕೇಳಿ ಅರ್ಧ ಗಂಟೆ ಬರ್ಕೊಂಡ್ರು. ಅಂಚು ಒಣಗಿರಬಾರ್ದು, ಮೆಂತ್ಯ ವಾಸನೆ ಇರಬಾರ್ದು, ಬಿಸಿ ಇರ್ಬೇಕು ಆದ್ರೆ ಆವಿ ಬರ್ತಿರಬಾರ್ದು. ಆಮೇಲೆ ಅಲ್ಲಿಂದಲೇ ಒಂದೊಂದೇ ಹೆಜ್ಜೆ, ಅದಕ್ಕೆ ಫುಡ್ ಚೈನಿಂಗ್ ಅಂತಾರೆ. ಮನೆ ಇಡ್ಲಿಯಿಂದ ತಟ್ಟೆ ಇಡ್ಲಿ, ಅದೇ ಹಿಟ್ಟಲ್ಲಿ ಸಪ್ಪೆ ಪಡ್ಡು, ಆಮೇಲೆ ಉದ್ದಿನಬೇಳೆ ಸ್ವಲ್ಪ ಕಮ್ಮಿ ಮಾಡಿ ಅಷ್ಟು ಹೆಸರುಬೇಳೆ ಸೇರಿಸಿದ ಇಡ್ಲಿ. ನಾಲ್ಕು ತಿಂಗಳು ಹಿಡೀತು. ಬೇರೆಯೋರಿಗೆ ಇದು ಇಡ್ಲಿ ಅಂಗಡಿ ಮೆನು ಥರ ಕಾಣುತ್ತೆ ಗೊತ್ತು, ನನಗದು ಮೂರು ಹೊಸ ಊಟ, ಅದ್ರಲ್ಲೊಂದು ಹೊಸ ಬೇಳೆ. ಹೆಸರುಬೇಳೆ ಇಡ್ಲಿ ಬಾಯಿಗಿಡೋ ಮುಂಚೆ ಮೂರು ವಾರ ಬರೀ ಅದರ ಪಕ್ಕ ಕೂತು ನನ್ನ ಮಾಮೂಲಿ ಇಡ್ಲಿ ತಿಂದಿದೀನಿ.

ಇದರ ಕೊರತೆ ಅಂದ್ರೆ ನಿಧಾನ, ವಾರ ವಾರ ಹೋಗ್ಬೇಕು. ನಾನು ಒಂದು ಸೆಷನ್ನಿಗೆ 1,200 ಕೊಡ್ತಿದ್ದೆ, ಹದಿನೈದು ದಿನಕ್ಕೊಂದು ಮಾಡ್ಕೊಂಡು ಮಿಕ್ಕ ದಿನ ಮನೇಲಿ ಮಾಡ್ತಿದ್ದೆ. ಮತ್ತೆ ಒಂದು ಎಚ್ಚರಿಕೆ, ಕೆಲವು ಕಡೆ ತುತ್ತು ನುಂಗೋವರೆಗೂ ಚಮಚ ಬಾಯಿ ಮುಂದಿನಿಂದ ತೆಗೆಯದೇ ಇರೋದು, ಉಗುಳಿದ್ರೆ ಮತ್ತೆ ಹಾಕೋದು, ಇದನ್ನೂ ಫೀಡಿಂಗ್ ಥೆರಪಿ ಅಂತಲೇ ಕರೀತಾರೆ. ತುತ್ತಿನ ಲೆಕ್ಕ ಏರಬಹುದು. ಅದನ್ನ ಅನುಭವಿಸಿ ದೊಡ್ಡೋರಾದ ಆಟಿಸ್ಟಿಕ್ ಜನ ಏನ್ ಹೇಳ್ತಾರೆ ಕೇಳಿ ಒಮ್ಮೆ, ಆಮೇಲೆ ನಿರ್ಧಾರ ಮಾಡಿ. ಬಾಗಿಲು ಹಾಕ್ಕೊಂಡು ಒಳಗೆ ಸೆಷನ್ ನಡೆಸಿ ಅಪ್ಪ ಅಮ್ಮನ್ನ ಹೊರಗೆ ಕೂರಿಸ್ತೀವಿ ಅಂದ್ರೆ ನಾನಾಗಿದ್ರೆ ಎದ್ದು ಬರ್ತೀನಿ.

ಡಯಟೀಷಿಯನ್

ಒಳ್ಳೆಯೋರು ಸಿಕ್ಕಿದ್ರೆ ಅತಿ ಕಮ್ಮಿ ದುಡ್ಡಿಗೆ ಅತಿ ಜಾಸ್ತಿ ಲಾಭ, ಸಿಗದಿದ್ರೆ ಒಂದು ಪ್ರಿಂಟೌಟ್ ಚಾರ್ಟು: ಬೆಳಗ್ಗೆ ನೆನೆಸಿದ ಬಾದಾಮಿ, 11 ಗಂಟೆಗೆ ಹಣ್ಣು, ಮಧ್ಯಾಹ್ನ ಒಂದು ಕಪ್ ಸೊಪ್ಪಿನ ಪಲ್ಯ. ಸೊಪ್ಪಿನ ಪಲ್ಯ ತಿನ್ನೋ ಹಾಗಿದ್ರೆ ನಿಮ್ಮ ಹತ್ರ ಯಾಕಮ್ಮ ಬರ್ತಿದ್ದೆ. ಫೋನಲ್ಲೇ ಕೇಳಿ, "ನಾನು ತಿನ್ನೋದು ಎಂಟು ಐಟಂ, ಆ ಎಂಟರಲ್ಲೇ ಕೊರತೆ ತುಂಬಿಸೋ ಹಾಗೆ ಪ್ಲಾನ್ ಮಾಡ್ತೀರಾ" ಅಂತ. ಹೂಂ ಅಂದೋರು ಹಾಲಿಗೆ ಏನು ಸೇರಿಸಬಹುದು, ಯಾವ ವಿಟಮಿನ್ ಡ್ರಾಪ್ಸ್‌ಗೆ ರುಚಿ ಕಮ್ಮಿ, ದೋಸೆ ಹಿಟ್ಟಲ್ಲಿ ಎಷ್ಟು ಬೇಳೆ ಏರಿಸಿದ್ರೆ ಗೊತ್ತಾಗಲ್ಲ ಇಂಥದ್ರ ಬಗ್ಗೆ ಮಾತಾಡ್ತಾರೆ. ಆದ್ರೆ ಕದ್ದು ಸೇರಿಸೋದು ಬೇಡ, ಒಂದ್ಸಲ ಸಿಕ್ಕಿಬಿದ್ರೆ ಆ ಸೇಫ್ ಫುಡ್ಡೂ ಪಟ್ಟಿಯಿಂದ ಹೋಗುತ್ತೆ. ನಮ್ಮಣ್ಣ ಮೊಸರನ್ನದಲ್ಲಿ ಸೌತೆಕಾಯಿ ತುರಿ ಬಚ್ಚಿಟ್ಟ, ನಾನು ಒಂದು ವರ್ಷ ಮನೆಯ ಮೊಸರನ್ನ ಮುಟ್ಟಲಿಲ್ಲ. ದೊಡ್ಡೋರಾಗಿದ್ದು ತೂಕ ಪರವಾಗಿಲ್ಲ, ಸದ್ಯಕ್ಕೆ ಪಟ್ಟಿ ಬೆಳೆಸೋ ಶಕ್ತಿ ಇಲ್ಲ, ಸುಸ್ತು ಹೋದ್ರೆ ಸಾಕು ಅನ್ನೋರಿಗೆ ತಿಂಗಳಿಗೊಂದು ಸಲ ಇಂಥ ಡಯಟೀಷಿಯನ್, ಜೊತೆಗೆ ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಇಷ್ಟೇ ಸಾಕಾಗಬಹುದು. ಅದೂ ಟ್ರೀಟ್‌ಮೆಂಟೇ.

ಸೈಕಾಲಜಿಸ್ಟು, ಸೈಕಿಯಾಟ್ರಿಸ್ಟು

ಕಾರಣ ಭಯ ಆಗಿದ್ರೆ ಇಲ್ಲಿ ಬನ್ನಿ. ಗಂಟಲಿಗೆ ಸಿಕ್ಕಿದ್ದು, ವಾಂತಿ, ಫುಡ್ ಪಾಯ್ಸನ್ ಆದ್ಮೇಲೆ ತಿನ್ನೋದು ನಿಂತಿದ್ರೆ ಓಟಿಲಿ ವರ್ಷಗಟ್ಟಲೆ ಕಳೆಯೋದಕ್ಕಿಂತ ಭಯಕ್ಕೆ ಕೆಲಸ ಮಾಡೋ ಥೆರಪಿ ಬೇಗ ದಾರಿ ತೋರಿಸುತ್ತೆ. ಆರ್ಫಿಡ್‌ಗೇ ಅಂತ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೇಲಿ ಒಂದು ಸಿಬಿಟಿ (ಯೋಚನೆ, ನಡವಳಿಕೆ ಮೇಲೆ ಕೆಲಸ ಮಾಡೋ ಥೆರಪಿ) ರೂಪಿಸಿದಾರೆ, ಹತ್ತು ವರ್ಷ ಮೇಲ್ಪಟ್ಟೋರಿಗೆ, 20ರಿಂದ 30 ಸೆಷನ್. ಅದ್ರಲ್ಲಿ ನನಗೆ ಇಷ್ಟ ಆದ ವಿಷಯ ಎರಡು. ತೂಕ ಕಮ್ಮಿ ಇರೋರಿಗೆ ಮೊದಲು ತಿನ್ನೋದನ್ನೇ ಜಾಸ್ತಿ ತಿನ್ನಿ, ಹೊಸದು ಆಮೇಲೆ ಅಂತಾರೆ. ಮತ್ತೆ ಹೊಸದನ್ನ ಎದುರಿಗಿಟ್ಕೊಂಡಾಗ ಚೆನ್ನಾಗಿದೆ ಕೆಟ್ಟದಾಗಿದೆ ಅನ್ನದೆ ನೋಡಕ್ಕೆ ಹೇಗಿದೆ, ಮುಟ್ಟಿದ್ರೆ ಹೇಗಿದೆ, ವಾಸನೆ, ರುಚಿ, ಅಗಿಯುವಾಗ ಹೇಗೆ ಅಂತ ವರದಿಗಾರರ ಥರ ವಿವರಿಸೋದು. ವಿವರ ಅಂದ್ರೆ ನಮ್ಮಂಥೋರಿಗೆ ಹಬ್ಬ. ಇಲ್ಲಿನ ಎಲ್ಲ ಸೈಕಾಲಜಿಸ್ಟಿಗೂ ಇದು ಗೊತ್ತಿರಲ್ಲ, ಕೇಳಿ ನೋಡಿ, ಗೊತ್ತಿಲ್ಲ ಓದ್ಕೊತೀನಿ ಅಂದ್ರೂ ಒಳ್ಳೇ ಲಕ್ಷಣವೇ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ರೆ ಆರ್‌ಸಿಐ, ಅಂದ್ರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ನಂಬರ್ ಇರುತ್ತೆ, ಸಂಕೋಚ ಪಡದೆ ಕೇಳಿ. ಸೆಷನ್ನಿಗೆ 1,500 ಅಂದ್ರೂ 20 ಸೆಷನ್‌ಗೆ 30,000 ಆಯ್ತು, ಶುರು ಮಾಡೋ ಮುಂಚೆ ಲೆಕ್ಕ ಹಾಕಿ, ಅರ್ಧಕ್ಕೆ ನಿಂತ್ರೆ ಬೇಜಾರು.

ಮಾತ್ರೆ ಬಗ್ಗೆ. ಆರ್ಫಿಡ್‌ಗೇ ಅಂತ ಒಂದು ಮಾತ್ರೆ ಇಲ್ಲ. ಜೊತೆಗಿರೋ ಆತಂಕ, ಡಿಪ್ರೆಷನ್, ನಿದ್ದೆಗೆ ಕೊಡೋ ಮಾತ್ರೆಯಿಂದ ಊಟನೂ ಸುಧಾರಿಸೋದುಂಟು, ಅದನ್ನ ಸೈಕಿಯಾಟ್ರಿಸ್ಟ್ ನಿರ್ಧರಿಸ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗ ಬೇರೆ ಇದೆ, ದೊಡ್ಡೋರದು ಬೇರೆ, ಖರ್ಚು ಪ್ರೈವೇಟಿನ ಮುಂದೆ ಏನೂ ಅಲ್ಲ, ಬಿಪಿಎಲ್ ಕಾರ್ಡ್ ಇದ್ರೆ ರಿಯಾಯಿತಿ ಇದೆ, ಆಟಿಸಂ ಡಯಾಗ್ನೋಸಿಸ್ಸೇ ಇನ್ನೂ ಆಗಿಲ್ಲ ಅನ್ನೋರಿಗೆ ಎರಡೂ ಒಂದೇ ಕಡೆ ನೋಡಿಸಬಹುದು. ದೇಶದ ಎಲ್ಲ ಕಡೆಯಿಂದ ಜನ ಬರೋ ಜಾಗ, ಅಂದ್ಮೇಲೆ ಜನಜಂಗುಳಿ ಸಹಜ, ಒಂದಿಡೀ ದಿನ ಅದಕ್ಕೇ ಅಂತ ಇಟ್ಕೊಂಡು ಹೆಡ್‌ಫೋನು, ಸೇಫ್ ಫುಡ್ ಡಬ್ಬಿ, ಜೊತೆಗೊಬ್ಬರನ್ನ ಕರ್ಕೊಂಡು ಹೋಗಿ. ಅಷ್ಟು ದೂರ ಆಗಲ್ಲ ಅನ್ನೋರಿಗೆ ತಾಲೂಕು ಆಸ್ಪತ್ರೇಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ, ಅಲ್ಲಿಗೆ ಸೈಕಿಯಾಟ್ರಿಸ್ಟ್ ಬರ್ತಾರೆ, ಅಲ್ಲಿಂದ ಒಂದು ರೆಫರಲ್ ಚೀಟಿ ಸಿಕ್ಕಿದ್ರೂ ಮುಂದಿನ ದಾರಿ ಸಲೀಸು. ಎಲ್ಲಿಂದ ಶುರು ಮಾಡೋದೇ ತಿಳೀತಿಲ್ಲ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, 2022ರ ಅಕ್ಟೋಬರಿಂದ ಇದೆ, 24 ಗಂಟೆ, ಉಚಿತ, ಕನ್ನಡದಲ್ಲಿ. ಫೋನಲ್ಲಿ ಮಾತಾಡೋದೇ ಕಷ್ಟ ಅನ್ನೋ ನಮ್ಮಂಥೋರು ಮನೆಯೋರ ಕೈಲಿ ಮಾಡಿಸಬಹುದು.

ಈಟಿಂಗ್ ಡಿಸಾರ್ಡರ್ ಕ್ಲಿನಿಕ್ಕು, ಅಡ್ಮಿಷನ್ನು

ಆ ನನ್ನ ವಯಸ್ಸಿನೋಳಿಗೆ ಈ ಭಾಗ. ಅನೊರೆಕ್ಸಿಯಾ ಇರೋ ಹೆಂಗಸರಲ್ಲಿ ಆಟಿಸಂ ಲಕ್ಷಣ ಮಾಮೂಲಿಗಿಂತ ಜಾಸ್ತಿ ಕಂಡುಬರುತ್ತೆ ಅನ್ನೋದು ಈಗ ಒಪ್ಪಿತವಾದ ವಿಷಯ, ಹಾಗಾಗಿ ಎರಡೂ ಇರಬಹುದು, ಅಥವಾ ಆರ್ಫಿಡ್‌ನ ಅನೊರೆಕ್ಸಿಯಾ ಅಂದ್ಕೊಂಡಿರಬಹುದು. ಮಾಮೂಲಿ ಅನೊರೆಕ್ಸಿಯಾ ಪ್ರೋಗ್ರಾಮಲ್ಲಿ ಎಲ್ಲರ ಜೊತೆ ಕೂತು ಊಟ, ಗುಂಪಿನ ಚರ್ಚೆ, ಕನ್ನಡಿ ಮುಂದೆ ನಿಂತು ಮೈ ಬಗ್ಗೆ ಮಾತು, ಭಯ ಇರೋ ಊಟ ಎದುರಿಸೋದು, ಇವೆಲ್ಲ ಇರ್ತವೆ. ತೂಕದ ಭಯ ಇರೋರಿಗೆ ಸರಿ. ಕ್ಯಾಂಟೀನ್ ಶಬ್ದಕ್ಕೇ ಊಟ ಸೇರದೋರಿಗೆ ಎಲ್ಲರ ಜೊತೆ ಕೂರಿಸಿದ್ರೆ? ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯೋರು ಇದಕ್ಕೇ ಪೀಸ್ ಪಾತ್‌ವೇ ಅಂತ ಒಂದು ದಾರಿ ಮಾಡ್ಕೊಂಡಿದಾರೆ, ಬೆಳಕು ಶಬ್ದ ಕಮ್ಮಿ ಮಾಡೋದು, ಸೆನ್ಸರಿ ವಿಷಯ ಮೊದಲೇ ಕೇಳ್ಕೊಳ್ಳೋದು, ಮಾತಿನ ಬದಲು ಬರೆದು ತಿಳಿಸಕ್ಕೆ ಅವಕಾಶ ಕೊಡೋದು. ಅದರ ಮಾಹಿತಿ ನೆಟ್ಟಲ್ಲಿ ಓದಕ್ಕೆ ಸಿಗುತ್ತೆ, ಪ್ರಿಂಟ್ ತಗೊಂಡು ನಿಮ್ಮ ಥೆರಪಿಸ್ಟಿಗೆ ಕೊಡಿ. ಡಯಾಗ್ನೋಸಿಸ್ ಬಗ್ಗೆ ಡೌಟಿದ್ರೆ ಟ್ರೀಟ್‌ಮೆಂಟ್ ಬಿಟ್ಟು ಓಡಬೇಡ, ಇನ್ನೊಬ್ಬರ ಹತ್ರ ಸೆಕೆಂಡ್ ಒಪಿನಿಯನ್ ತಗೋ, ಅಷ್ಟರವರೆಗೂ ತೂಕ ಬಿಪಿ ನೋಡೋರು ಒಬ್ಬರು ಇರಲೇಬೇಕು.

ಅಡ್ಮಿಟ್ ಆಗೋದು, ಮೂಗಿನ ಟ್ಯೂಬು, ಡ್ರಿಪ್ಪು, ಇದು ಜೀವ ಉಳಿಸಕ್ಕೆ, ಊಟ ಕಲಿಸಕ್ಕಲ್ಲ. ಬೇಕಾದಾಗ ಹೆದರಬೇಡಿ, ಬೇಡದಾಗ ಹೆದರಿಸೋ ಅಸ್ತ್ರ ಮಾಡ್ಕೋಬೇಡಿ, "ತಿನ್ನದಿದ್ರೆ ಪೈಪ್ ಹಾಕಿಸ್ತೀನಿ" ಅಂತ ಮಗೂಗೆ ಹೇಳೋರನ್ನ ಕಂಡಿದೀನಿ. ದುಡ್ಡಿನ ವಿಷಯಕ್ಕೆ ಬಂದ್ರೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ವಿಮೆಯೋರು ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯ ಹಾಗೇ ಕವರ್ ಕೊಡ್ಬೇಕು, ಆದ್ರೆ ಹೆಚ್ಚಿನ ಪಾಲಿಸಿಗಳು ಅಡ್ಮಿಷನ್ನಿಗೆ ಮಾತ್ರ ಕೊಡೋದು, ವಾರ ವಾರದ ಥೆರಪಿಗೆ ಕೈಯಿಂದಲೇ. ಅದಕ್ಕೇ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆ ನೋಡಿ, ಆಟಿಸಂ ಇರೋರಿಗೂ ಅನ್ವಯ, 1 ಲಕ್ಷದವರೆಗೆ, ಒಪಿಡಿ ಮತ್ತೆ ಥೆರಪಿಗೂ ಒಂದು ಪಾಲು ಇರುತ್ತೆ, ಸೇರಕ್ಕೆ ಮುಂಚೆ ಮೆಡಿಕಲ್ ಟೆಸ್ಟ್ ಕೇಳಲ್ಲ. ಅಂಗವೈಕಲ್ಯ ಪ್ರಮಾಣಪತ್ರ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೇಲಿ ಆಟಿಸಂ ಸೇರಿರೋದ್ರಿಂದ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡ್ ಮಾಡಿಸ್ಕೊಳ್ಳಕ್ಕೆ ಆಗುತ್ತೆ.

ಹಾಲು ಗೋಧಿ ಬಿಡಿಸೋದು

ಇದನ್ನ ಒಂದು ಆಯ್ಕೆ ಅಂತ ಸೇರಿಸೋದೇ ಬೇಡ ಅಂದ್ಕೊಂಡಿದ್ದೆ, ಆದ್ರೆ ಆ ತಾಯಿ ಕೇಳಿದಾರೆ. ಗೋಧಿಯ ಗ್ಲುಟನ್, ಹಾಲಿನ ಕೇಸಿನ್ ಇಲ್ಲದ ಡಯಟ್ಟಿಂದ ಆಟಿಸಂ ಕಮ್ಮಿ ಆಗುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ, ಸಂಶೋಧನೆಗಳನ್ನೆಲ್ಲ ಒಟ್ಟಿಗೆ ತೂಗಿ ನೋಡೋ ಕಾಕ್ರೇನ್ ವಿಮರ್ಶೆ ಹೇಳಿದ್ದೂ ಅದನ್ನೇ. ಗೋಧಿ ಆಗದ ಸೀಲಿಯಾಕ್ ಕಾಯಿಲೆ, ಹಾಲಿನ ಅಲರ್ಜಿ ಟೆಸ್ಟಲ್ಲಿ ಸಾಬೀತಾಗಿದ್ರೆ ಮಾತು ಬೇರೆ. ನಿಮ್ಮ ಮಗ ತಿನ್ನೋದು ಮೂರು, ಅದ್ರಲ್ಲಿ ಹಾಲು ಹೋಯ್ತು, ಬಿಸ್ಕೆಟ್ ಹೋಯ್ತು, ಉಳೀತು ಬಿಳಿ ಅನ್ನ. ಪ್ರೋಟೀನು ಕ್ಯಾಲ್ಸಿಯಂ ಎಲ್ಲಿಂದ ತರ್ತೀರಾ? ಆ ಹಾಲೇ ಅವನನ್ನ ಇಲ್ಲಿವರೆಗೆ ಕಾಪಾಡಿರೋದು ಅಕ್ಕ, ಬಿಡಿಸಬೇಡಿ.

ಹಾಗಾದ್ರೆ ನಿಮಗೆ ಯಾವುದು

ಆ ಆರು ವರ್ಷದ ಹುಡುಗನಿಗೆ ಮೊದಲು ಪೀಡಿಯಾಟ್ರಿಷಿಯನ್ ಹತ್ರ ರಕ್ತ ಪರೀಕ್ಷೆ, ವಿಟಮಿನ್ ಸಿ ಮಾತು ನೀವೇ ಎತ್ತಿ, ಹಲ್ಲು ಹೊಟ್ಟೆ ತೋರಿಸಿ. ಜೊತೆಜೊತೆಗೇ ಜಿಲ್ಲಾ ಆಸ್ಪತ್ರೆಯ ಡಿಇಐಸಿ. ಅಲ್ಲಿ ಊಟದ ವಿಷಯ ಬಲ್ಲೋರು ಇಲ್ಲ ಅಂದ್ರೆ ತಿಂಗಳಿಗೆ ಎರಡು ಪ್ರೈವೇಟ್ ಓಟಿ ಸೆಷನ್, ನೀವು ಒಳಗೆ ಕೂತು ಕಲ್ತು ಮನೇಲಿ ಮಾಡೋ ಹಾಗೆ. ವಾರಕ್ಕೆ ಐದು ದಿನದ ಪ್ಯಾಕೇಜ್ ತಗೊಳ್ಳಿ ಅಂತ ಒತ್ತಾಯ ಮಾಡಿದ್ರೆ ಒಪ್ಕೋಬೇಡಿ, ಮಗುಗೂ ಸುಸ್ತು ನಿಮಗೂ ಸುಸ್ತು.

ಪಿಜಿ ಹುಡುಗನಿಗೆ ನಾನು ಥೆರಪಿಗಿಂತ ಮುಂಚೆ ಹೇಳೋದು ಒಂದು ಸಣ್ಣ ರೈಸ್ ಕುಕ್ಕರ್, ಪಿಜಿಯೋರು ಒಪ್ಪಿದ್ರೆ. ಮೆಸ್ಸಿಗೆ ಹೋಗದೇ ಹೊಟ್ಟೆ ತುಂಬೋ ವ್ಯವಸ್ಥೆ ಆದ್ರೆ ಅರ್ಧ ತೊಂದರೆ ಅಲ್ಲೇ ಕಮ್ಮಿ. ಫೋನಲ್ಲಿ ಮೂರು ಅಲಾರಂ, ಹಸಿವಾಗ್ಲಿ ಬಿಡ್ಲಿ ಏನಾದ್ರೂ ಸೇಫ್ ಐಟಂ ಒಂದು. ಒಂದೇ ಬ್ರ್ಯಾಂಡಿಗೆ ಜೋತುಬೀಳಬೇಡ ಅಂತ ಹೇಳೋದು ಸುಲಭ, ಆದ್ರೂ ಪ್ರತಿ ಸೇಫ್ ಫುಡ್‌ಗೆ ಒಂದು ಬದಲಿ ಹುಡುಕಿಟ್ಕೋ, 2015ರಲ್ಲಿ ಮ್ಯಾಗಿ ನೂಡಲ್ಸ್ ಐದು ತಿಂಗಳು ಅಂಗಡಿಯಿಂದ ಮಾಯ ಆದಾಗ ನಾನು ಆರು ಕೆಜಿ ಇಳಿದಿದ್ದೆ. ಆಮೇಲೆ ರಕ್ತ ಪರೀಕ್ಷೆ, ತಿಂಗಳಿಗೊಂದು ಡಯಟೀಷಿಯನ್, ಬಜೆಟ್ ಕೂಡಿಬಂದಾಗ ಸೈಕಾಲಜಿಸ್ಟ್. ತೂಕ ಇಳೀತಾನೇ ಇದ್ರೆ ಈ ಕ್ರಮ ಎಲ್ಲ ಬಿಟ್ಟು ಸೀದಾ ಫಿಸಿಷಿಯನ್.

ದುಡ್ಡು ಜಾಸ್ತಿ ಇದ್ದೋರಿಗೆ ಆನ್‌ಲೈನಲ್ಲಿ ಹೊರದೇಶದ ಆಟಿಸಂ ಬಲ್ಲ ಡಯಟೀಷಿಯನ್ನುಗಳೂ ಸಿಗ್ತಾರೆ. ನಾನು ಒಂದು ಸಲ ಟ್ರೈ ಮಾಡಿದೆ, ತುಂಬ ಒಳ್ಳೇ ಹೆಂಗಸು, ಆದ್ರೆ ಇಡ್ಲಿ ಹಿಟ್ಟು ಹುಳಿ ಬರೋದು ಅಂದ್ರೇನು ಅಂತ ವಿವರಿಸೋದ್ರಲ್ಲೇ 40 ನಿಮಿಷ ಹೋಯ್ತು.

ಎಲ್ಲಿಗೆ ಹೋದ್ರೂ ಬಾಯಲ್ಲಿ ಹೇಳಕ್ಕೆ ನಂಬ್ಕೊಂಡು ಹೋಗಬೇಡಿ, ಒಂದು ಹಾಳೆ ಬರ್ಕೊಂಡು ಹೋಗಿ. ನಾನು ಒಯ್ದಿದ್ದು ಇಷ್ಟೇ: "ನಾನು ಆಟಿಸ್ಟಿಕ್. ಟೆನ್ಷನ್ ಆದ್ರೆ ಮಾತು ನಿಲ್ಲುತ್ತೆ, ಬರೆದು ತೋರಿಸ್ತೀನಿ. ತಿನ್ನೋದು: ಇಡ್ಲಿ, ದೋಸೆ, ಬಿಳಿ ಅನ್ನ, ಮೊಸರು, ಹಾಲು, ಆಲೂಗಡ್ಡೆ ಚಿಪ್ಸ್, ಬ್ರೆಡ್, ಒಂದು ಬಗೆ ಬಿಸ್ಕೆಟ್. ಒಂದು ವರ್ಷದ ಹಿಂದೆ ತಿಂತಿದ್ದು ಈಗ ಆಗದೇ ಇರೋದು: ಚಪಾತಿ, ಬಾಳೆಹಣ್ಣು. ತೂಕ ಇಳಿಸೋ ಆಸೆ ಇಲ್ಲ. ಹಸಿವು ಗೊತ್ತಾಗಲ್ಲ. ಮುಟ್ಟು ಮೂರು ತಿಂಗಳಿಂದ ಸರಿಯಿಲ್ಲ. ದಯವಿಟ್ಟು ಇರೋದನ್ನ ನಿಲ್ಲಿಸಬೇಡಿ, ಒಂದು ಸೇರಿಸಕ್ಕೆ ಸಹಾಯ ಮಾಡಿ." ಆ ಎರಡನೇ ಓಟಿ ಇದನ್ನ ಓದಿ, ಬಾಳೆಹಣ್ಣು ಯಾಕೆ ಬಿಟ್ಟೋಯ್ತು ಅಂತ ಕೇಳಿದ್ರು. ಅಲ್ಲಿವರೆಗೂ ಅದನ್ನ ಯಾರೂ ಕೇಳಿರಲಿಲ್ಲ. ಒಂದ್ಸಲ ಒಳಗೆ ಕಪ್ಪಗೆ ಮೆತ್ತಗಿತ್ತು, ಅಷ್ಟೇ.